ಪನೀರ್ ನೋಡಬೇಡಿ, ಗ್ರೇವಿ ನೋಡಿ!

ಬಟರ್ ಮಸಾಲ, ಶಾಹಿ, ಕಡಾಯಿ, ಪಾಲಕ್, ಕೊಲ್ಹಾಪುರಿ. ನಾರ್ತ್ ಇಂಡಿಯನ್ ಮೆನು ನೋಡಿ ಯಾವುದು ಹೇಳೋದು ಅಂತ ಗೊತ್ತಾಗ್ತಿಲ್ವಾ? ಪನೀರ್ ಎಲ್ಲದರಲ್ಲೂ ಒಂದೇ, ರುಚಿ ಬದಲಾಗೋದು ಗ್ರೇವಿಯಿಂದ. ಹೆಚ್ಚಿನ ಹೋಟೆಲುಗಳಲ್ಲಿ ಮೂರ್ನಾಲ್ಕು ಗ್ರೇವಿ ಮೊದಲೇ ತಯಾರಿರುತ್ತೆ. ಬಣ್ಣದಿಂದ ಗುರುತಿಟ್ಟುಕೊಳ್ಳಿ.

(ತೆರೆಯ ಮೇಲೆ: ಕೆಂಪು)
ಬಟರ್ ಮಸಾಲ, ಮಖನಿ. ಟೊಮೆಟೊ, ಬೆಣ್ಣೆ, ಕ್ರೀಮ್, ಕೊನೆಗೆ ಕಸೂರಿ ಮೇಥಿ. ಹುಳಿ ಜೊತೆ ಸ್ವಲ್ಪ ಸಿಹಿ. ಮಕ್ಕಳಿಗೆ ಇಷ್ಟವಾಗೋದು ಇದೇ.

(ತೆರೆಯ ಮೇಲೆ: ಬಿಳಿ)
ಶಾಹಿ, ಮಲಾಯಿ ಕೋಫ್ತಾ. ಬೇಯಿಸಿದ ಈರುಳ್ಳಿ, ಗೋಡಂಬಿ ರುಬ್ಬಿದ್ದು. ಖಾರ ತೀರಾ ಕಡಿಮೆ, ಆದರೆ ಹೊಟ್ಟೆ ಬೇಗ ತುಂಬುತ್ತೆ.

(ತೆರೆಯ ಮೇಲೆ: ಕಂದು)
ಈರುಳ್ಳಿ, ಟೊಮೆಟೊ ಚೆನ್ನಾಗಿ ಹುರಿದ ಗ್ರೇವಿ. ಇದಕ್ಕೆ ತರಿತರಿಯಾಗಿ ಕುಟ್ಟಿದ ಧನಿಯಾ, ಒಣಮೆಣಸು, ದಪ್ಪ ಮೆಣಸಿನಕಾಯಿ ಸೇರಿದರೆ ಕಡಾಯಿ. ಈರುಳ್ಳಿ ಎರಡು ಸಲ ಬಿದ್ದರೆ, ಒಮ್ಮೆ ಮಸಾಲೆಗೆ, ಒಮ್ಮೆ ಹೋಳಾಗಿ, ಅದು ದೋ ಪ್ಯಾಜಾ. ಒಣಕೊಬ್ಬರಿ, ಎಳ್ಳು, ಕೆಂಪು ಮೆಣಸಿನಕಾಯಿ ಖಾರ ಸೇರಿದರೆ ಕೊಲ್ಹಾಪುರಿ. ಖಾರ ತಡೆಯೋರು ಮಾತ್ರ ಹೇಳಿ.

(ತೆರೆಯ ಮೇಲೆ: ಹಸಿರು)
ಪಾಲಕ್. ಹಗುರ, ಖಾರ ಹದ. ರೊಟ್ಟಿಗೂ ಸರಿ, ಜೀರಾ ರೈಸಿಗೂ ಸರಿ.

ಒಂದು ಮುಖ್ಯ ಮಾತು: ಬಿಳಿ ಗ್ರೇವಿಯಲ್ಲಷ್ಟೇ ಅಲ್ಲ, ಕೆಂಪು ಗ್ರೇವಿಯಲ್ಲೂ ಹಲವು ಕಡೆ ಗೋಡಂಬಿ ಇರುತ್ತೆ. ಅಲರ್ಜಿ ಇರೋರು ಆರ್ಡರ್ ಕೊಡೋ ಮುಂಚೆ ಕೇಳಲೇಬೇಕು.

ಇಬ್ಬರು ಹೋದರೆ ಎರಡೂ ಕೆಂಪು ಹೇಳಬೇಡಿ. ಒಂದು ಬಿಳಿ, ಒಂದು ಕಡಾಯಿ ಹೇಳಿ ಹಂಚಿಕೊಳ್ಳಿ. ಈ ವಿಡಿಯೊ ಸೇವ್ ಮಾಡಿ, ಮುಂದಿನ ಸಲ ಜೊತೆಗೆ ಬರೋರಿಗೆ ಈಗಲೇ ಕಳಿಸಿ!