ದೇವರ ಮೀನು ಮತ್ತು ಮೈಲುತುತ್ತ

(ಬಾನುಲಿ ಭಾಷಣ)

ಪುತ್ತೂರು, ಸುಳ್ಯ, ಕಡಬಗಳಿಗೆ ಕಡಲಿಲ್ಲ. ಆದರೆ ಕಡಲಿಗೆ ಹೋಗುವ ನೀರು ಇಲ್ಲಿಂದ ಇಳಿಯುತ್ತದೆ. ಸುಬ್ರಹ್ಮಣ್ಯದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಅಳಿವೆಗೆ ಹೋಗುತ್ತದೆ. ಸುಳ್ಯದ ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಳ್ಳುತ್ತದೆ. ಅಳಿವೆಯ ಕಾಂಡ್ಲಾ ಬೇರುಗಳ ನಡುವೆ ಬೆಳೆಯುವ ಮೀನುಮರಿಗಳ ಯೋಗಕ್ಷೇಮವನ್ನು ವಿಚಾರಿಸುವವರು ಮೇಲಣ ಹೊಳೆಯನ್ನೂ ನೋಡಬೇಕಾಗುತ್ತದೆ.

ಆ ಹೊಳೆಯ ಹಿರಿಯ ಮೀನು ಮಹಶೀರ್. ಸುಳ್ಯ ತಾಲೂಕಿನ ತೊಡಿಕಾನದ ಮತ್ಸ್ಯತೀರ್ಥದಲ್ಲಿ ಅದು ದೇವರ ಮೀನು. ಗಾಳ, ಬಲೆಗಳು ಅಲ್ಲಿ ನಿಷಿದ್ಧ. ಯಾವ ಕಾನೂನೂ ಹುಟ್ಟುವ ಮೊದಲೇ ನಮ್ಮ ಹಿರಿಯರು ಹಾಕಿಕೊಂಡ ಬೇಲಿ ಇದು. ಬೇಲಿ ಮನುಷ್ಯನನ್ನು ತಡೆದೀತು, ನೀರಿನಲ್ಲಿ ಕರಗಿ ಬರುವುದನ್ನು ತಡೆಯಲಾರದು. ನೆರೆಯ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷವಿಕ್ಕಿದಾಗ ದೇವಸ್ಥಾನದ ಮೀನುಗಳು ರಾಶಿರಾಶಿಯಾಗಿ ಸತ್ತವು. ಸತ್ತ ಮೀನುಗಳಿಗೆ ಅಲ್ಲೊಂದು ಸ್ಮಾರಕವಿದೆ.

ಅಷ್ಟು ಕ್ರೂರವಲ್ಲದ ಕಷ್ಟವೊಂದು ಬೇಸಗೆಯದು. ಹದಿನೈದು ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 10 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. ಮೂವತ್ತು ಡಿಗ್ರಿಯಲ್ಲಿ ಏಳೂವರೆಯಷ್ಟೇ. ಹರಿವು ಕಡಿದು ಮೀನುಗಳೆಲ್ಲ ಒಂದೇ ಗುಂಡಿಯಲ್ಲಿ ಸೇರಿರುವಾಗ ಭಕ್ತರು ಎರಚಿದ ಅಕ್ಕಿ, ಮಂಡಕ್ಕಿ ತಿಂದು ಮಿಕ್ಕರೆ ಕೊಳೆಯುತ್ತದೆ. ಕೊಳೆಯುವಾಗ ಆ ಏಳೂವರೆಯಲ್ಲೂ ಪಾಲು ಕೇಳುತ್ತದೆ. ಭಕ್ತಿಯೂ ಅಳತೆ ಮೀರಿದರೆ ಉಸಿರು ಕಟ್ಟಿಸುತ್ತದೆಯೆಂದರೆ ಯಾರೂ ಸಿಟ್ಟಾಗಬಾರದು.

ಮಳೆಗಾಲದ ಕಷ್ಟ ನಮ್ಮ ಅಡಿಕೆಯದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟರೆ ಗತಿಯಿಲ್ಲವೆಂದು ಬೆಳೆಗಾರನಿಗೆ ಗೊತ್ತು: ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಸುಣ್ಣ ಸರಿಯಾಗಿ ಬಿದ್ದರೆ ತಾಮ್ರ ಬಹುಮಟ್ಟಿಗೆ ಬಂದಿಯಾಗುತ್ತದೆ. ಕಡಿಮೆಯಾದರೆ ದ್ರಾವಣದಲ್ಲಿ ಅದ್ದಿದ ಚೂರಿಯ ಅಲಗಿನ ಮೇಲೆ ಕೆಂಪಗೆ ಕೂರುತ್ತದೆ. ಕರಗಿದ ತಾಮ್ರ ಮೀನಿನ ಕಿವಿರನ್ನು ಹಿಡಿದು, ರಕ್ತಕ್ಕೆ ಬೇಕಾದ ಸೋಡಿಯಂ ಒಳಬರುವ ದಾರಿಯನ್ನು ಮುಚ್ಚುತ್ತದೆ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ತಾಮ್ರದೊಡನೆ ಪೈಪೋಟಿ ನಡೆಸಿ ಮೀನನ್ನು ಒಂದಿಷ್ಟು ಕಾಯುತ್ತದೆ. ಘಟ್ಟದ ಹೊಳೆಗಳ ನೀರು ಮೆದು. ಕುಡಿಯಲು ಹಿತವಾದ ಆ ಗುಣವೇ ಇಲ್ಲಿ ಮೀನಿಗೆ ಮುಳುವು.

ಬೆಳೆಗಾರನನ್ನು ದೂರಿ ಫಲವಿಲ್ಲ. ಅವನ ವರ್ಷದ ಅನ್ನ ಆ ಗೊನೆಯಲ್ಲಿದೆ. ಆದರೆ ಸಿಂಪಡಿಸಿ ಉಳಿದದ್ದನ್ನು ತೋಡಿಗೆ ಚೆಲ್ಲಿ, ಡ್ರಮ್ಮನ್ನು ಅಲ್ಲಿಯೇ ತೊಳೆಯುವುದು ರೋಗಕ್ಕೂ ಮದ್ದಲ್ಲ, ತೋಟಕ್ಕೂ ಲಾಭವಲ್ಲ. ಎರಡನೆಯ ಸಿಂಪಡಣೆ ಸಾಮಾನ್ಯವಾಗಿ ಬೀಳುವುದು ಜುಲೈ ತಿಂಗಳಲ್ಲಿ. ಮಹಶೀರ್ ಕೆನ್ನೀರನ್ನು ಸೀಳಿಕೊಂಡು ಮೇಲೇರಿ, ಜಲ್ಲಿಕಲ್ಲುಗಳ ಮೇಲೆ ಮೊಟ್ಟೆಯಿಡುವ ಕಾಲವೂ ಅದೇ.