ಸಿಗದ ಲಿವರ್, ಸಿಕ್ಕ ಕಸುಬು

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರಿಗೆಲ್ಲ ಒಂದಲ್ಲ ಒಂದು ದಿನ ನಾಲಿಗೆ ತೊಡರುವ ಪದವೊಂದಿದೆ: ಫ್ವಾ ಗ್ರಾ. ಫ್ರೆಂಚ್ ಭಾಷೆಯಲ್ಲಿ ಇದರ ಅರ್ಥ ‘ಕೊಬ್ಬಿದ ಲಿವರ್’. ಬಾತುಕೋಳಿ ಅಥವಾ ಹೆಬ್ಬಾತನ್ನು ಕೊಬ್ಬಿಸಿ ತೆಗೆದ ಪಿತ್ತಜನಕಾಂಗ ಅದು. ನೋಟ್ಸ್‌ನಲ್ಲಿದೆ, ಪರೀಕ್ಷೆಯಲ್ಲಿ ಬರುತ್ತದೆ, ಕೆಲಸದ ಸಂದರ್ಶನದಲ್ಲೂ ಕೇಳುತ್ತಾರೆ. ಆದರೆ ನಮ್ಮ ಬ್ಯಾಚ್‌ನಲ್ಲಿ ಅದನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಕಾಣುವ ದಾರಿಯೂ ಇಲ್ಲ. 2014ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದರ ಆಮದನ್ನೇ ನಿಷೇಧಿಸಿತು.

ಹಾಗಿದ್ದರೆ ಬನಶಂಕರಿಯ ಬಾಡಿಗೆ ಮನೆಯಲ್ಲಿ ಕೂತು, ಬ್ಯಾಂಕ್ ಸಾಲದಲ್ಲಿ ಓದುವ ನನ್ನಂಥವಳು ಇದನ್ನೇಕೆ ಕಲಿಯಬೇಕು? ‘ಅಡುಗೆ ಕಲಿಯೋಕೆ ಸಾಲ ಬೇರೆ ಮಾಡ್ಬೇಕಾ? ಅದೂ ಹೆಣ್ಣುಮಗು, ಫ್ರಂಟ್ ಆಫೀಸ್ ತಗೋಬಾರ್ದಾ?’ ಎಂದು ಮನೆಗೆ ಬಂದ ನೆಂಟರೆಲ್ಲ ಅಪ್ಪನನ್ನು ಕೇಳುತ್ತಿದ್ದರು. ಅವರಿಗೆ ಕೊಡಲು ಅಪ್ಪನ ಬಳಿ ಉತ್ತರ ಇರಲಿಲ್ಲ. ಆ ಉತ್ತರವನ್ನು ನಾನೇ ಹುಡುಕಬೇಕಿತ್ತು.

ನಿಷೇಧ ಯಾಕಾಯಿತು?

ಫ್ವಾ ಗ್ರಾಕ್ಕಾಗಿ ಸಾಕುವ ಬಾತುಕೋಳಿಗಳಿಗೆ ಕೊನೆಯ ಸುಮಾರು ಎರಡು ವಾರ ಗಂಟಲಿಗೆ ಕೊಳವೆ ಇಳಿಸಿ ಮೆಕ್ಕೆಜೋಳದ ಮೇವು ತುಂಬುತ್ತಾರೆ. ಹಕ್ಕಿಗೆ ಹಸಿವಿದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಲಿವರ್‌ನಲ್ಲಿ ಕೊಬ್ಬು ತುಂಬಿ, ಅದು ಸಹಜ ಗಾತ್ರದ ಹಲವು ಪಟ್ಟು ಊದಿಕೊಳ್ಳುತ್ತದೆ. ಪ್ರಾಣಿದಯಾ ಸಂಘಟನೆಗಳ ಒತ್ತಾಯದ ನಂತರ ಭಾರತ ಆಮದಿನ ಬಾಗಿಲು ಮುಚ್ಚಿತು. ಅಮೆರಿಕದ ಕ್ಯಾಲಿಫೋರ್ನಿಯಾ 2004ರಲ್ಲಿ ಮಾಡಿದ ಕಾನೂನು 2012ರಲ್ಲಿ ಜಾರಿಗೆ ಬಂತು. ಫ್ರಾನ್ಸ್ ಇದಕ್ಕೆ ತದ್ವಿರುದ್ಧ. 2006ರಲ್ಲಿ ಅಲ್ಲಿನ ಕಾನೂನು ಫ್ವಾ ಗ್ರಾವನ್ನು ದೇಶದ ಸಾಂಸ್ಕೃತಿಕ ಪರಂಪರೆಯೆಂದೇ ಸಾರಿತು. ಒಂದೇ ತಟ್ಟೆ, ಒಬ್ಬರಿಗೆ ಹೆಮ್ಮೆ, ಇನ್ನೊಬ್ಬರಿಗೆ ಹಿಂಸೆ.

ಇದು ಇಂದು ನಿನ್ನೆಯ ಅಭ್ಯಾಸವೂ ಅಲ್ಲ. ಬಾತುಗಳಿಗೆ ಬಲವಂತವಾಗಿ ಉಣಿಸುವ ಚಿತ್ರಗಳು ಈಜಿಪ್ಟ್‌ನ ಸಕ್ಕಾರದ ಪ್ರಾಚೀನ ಸಮಾಧಿಗಳ ಗೋಡೆಗಳ ಮೇಲೇ ಇವೆ. ರೋಮನ್ನರು ಅಂಜೂರ ತಿನ್ನಿಸಿ ಕೊಬ್ಬಿಸುತ್ತಿದ್ದರು. ಲ್ಯಾಟಿನ್‌ನಲ್ಲಿ ಅಂಜೂರಕ್ಕೆ ‘ಫಿಕುಸ್’, ಅಂಜೂರದಿಂದ ಕೊಬ್ಬಿದ ಲಿವರ್‌ಗೆ ‘ಫಿಕಾಟುಮ್’. ಇಂದಿನ ಫ್ರೆಂಚರ ‘ಫ್ವಾ’, ಇಟಲಿಯವರ ‘ಫೆಗಾತೊ’ ಎರಡೂ ಇದರಿಂದಲೇ ಹುಟ್ಟಿದವು. ಅಂದರೆ ಲಿವರ್ ಎಂಬ ಪದದೊಳಗೇ ಒಂದು ಹಣ್ಣು ಅಡಗಿ ಕೂತಿದೆ!

ಹಣ್ಣು, ವೈನ್ ಯಾಕೆ?

ಈ ತಿನಿಸಿನ ಜೊತೆ ಅಂಜೂರ, ದ್ರಾಕ್ಷಿ, ಸೇಬು, ಚೆರ್ರಿಯಂಥ ಹಣ್ಣಿನ ಸಾಸ್ ಕೊಡುವುದು ಬರೀ ಅಂದಕ್ಕಲ್ಲ. ನಾಲಿಗೆ ಮೇಲೆ ಜಿಡ್ಡು ಕೂತರೆ ಎರಡನೇ ತುತ್ತಿಗೇ ಸಾಕೆನಿಸುತ್ತದೆ. ಹುಳಿ ಆ ಜಿಡ್ಡನ್ನು ಕತ್ತರಿಸುತ್ತದೆ, ಸಿಹಿ ಲಿವರ್‌ನ ಸಣ್ಣ ಕಹಿಯನ್ನು ಮುಚ್ಚುತ್ತದೆ. ನಮಗಿದು ಹೊಸದೇನಲ್ಲ. ಬಿರಿಯಾನಿಯ ಪಕ್ಕ ಮೊಸರುಬಜ್ಜಿ, ಮಟನ್ ಫ್ರೈ ಮೇಲೆ ಹಿಂಡುವ ನಿಂಬೆ ಮಾಡುವುದೂ ಇದೇ ಕೆಲಸವನ್ನು.

ಹುರಿಯುವ ಕ್ರಮ ಹೀಗೆ: ಫ್ರಿಜ್‌ನಿಂದ ಆಗಷ್ಟೇ ತೆಗೆದ ಲಿವರ್ ಅನ್ನು ಒಂದೂವರೆ–ಎರಡು ಸೆಂ.ಮೀ. ದಪ್ಪಕ್ಕೆ ಕತ್ತರಿಸಿ, ಚೆನ್ನಾಗಿ ಕಾದ ಒಣ ಬಾಣಲೆಗೆ ಹಾಕುತ್ತಾರೆ. ಎಣ್ಣೆ ಬೇಡ, ಅದರ ಕೊಬ್ಬೇ ಸಾಕು. ಒಂದೊಂದು ಬದಿಗೆ ಒಂದು ನಿಮಿಷದೊಳಗೆ ಕೆಲಸ ಮುಗಿಯಬೇಕು. ಹೊತ್ತು ಮೀರಿದರೆ ದುಬಾರಿ ಲಿವರ್ ಕರಗಿ ಬಾಣಲೆಯಲ್ಲಿ ಬರೀ ತುಪ್ಪದಂಥ ಕೊಬ್ಬು ಉಳಿಯುತ್ತದೆ. ಮೇಲ್ಮೈ ಸುಮಾರು 140 ಡಿಗ್ರಿ ದಾಟಿದಾಗ ಪ್ರೋಟೀನ್ ಮತ್ತು ಸಕ್ಕರೆ ಸೇರಿ ಕಂದು ಬಣ್ಣ, ಘಮ ಹುಟ್ಟುತ್ತವೆ. ಇದಕ್ಕೆ ‘ಮೇಯಾರ್ ಕ್ರಿಯೆ’ ಎನ್ನುತ್ತಾರೆ. ದೋಸೆ ಕೆಂಪಗಾಗುವುದೂ ಇದರಿಂದಲೇ.

ಜಯನಗರದ ಸಾಮಾನು, ಫ್ರೆಂಚ್ ಪಾಠ

ಸಿಗದ ಸಾಮಾನಿಗೆ ಕಾಯುತ್ತ ಕೂರುವ ಬದಲು ನಾನು ಚಿಕನ್ ಲಿವರ್ ಹಿಡಿದೆ. ಬಡಾವಣೆಯ ಚಿಕನ್ ಅಂಗಡಿಯಲ್ಲಿ ಮಾಂಸಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ‘ಮಕ್ಕಳಿಗೆ ರಕ್ತ ಆಗುತ್ತೆ’ ಎಂದು ಅಜ್ಜಿ ಮೆಣಸು ಹಾಕಿ ಹುರಿದುಕೊಡುತ್ತಿದ್ದುದು ಅದನ್ನೇ. ದ್ರಾಕ್ಷಿಗೆ ಜಯನಗರ ನಾಲ್ಕನೇ ಬ್ಲಾಕ್ ಮಾರುಕಟ್ಟೆ ಇದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಉಂಟು. ಬೀಜ ಇದೆ, ಸಿಪ್ಪೆ ದಪ್ಪ, ಹುಳಿ ಜಾಸ್ತಿ ಎಂದು ಕೆಲವರು ಮೂಗು ಮುರಿಯುತ್ತಾರೆ. ಸಾಸ್‌ಗೆ ಬೇಕಾಗಿರುವುದೇ ಆ ಹುಳಿ, ಆ ಬಣ್ಣ. ವೈನ್‌ಗೂ ದೂರ ಹೋಗಬೇಕಿಲ್ಲ. 1988ರಲ್ಲಿ ಆರಂಭವಾದ ಗ್ರೋವರ್ ದ್ರಾಕ್ಷಿ ತೋಟ ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಬಳಿಯೇ ಇದೆ. ರೋಮನ್ನರಂತೆ ಅಂಜೂರವೇ ಬೇಕೆಂದರೆ, ಶ್ರೀರಂಗಪಟ್ಟಣದ ಗಂಜಾಂ ಅದಕ್ಕೆ ಹೆಸರಾದ ಊರು.

ಮಾಡುವ ಬಗೆ: ಕಾಲು ಕೆ.ಜಿ. ದ್ರಾಕ್ಷಿಯನ್ನು ಸ್ವಲ್ಪ ನೀರು ಹಾಕಿ ಹತ್ತು ನಿಮಿಷ ಬೇಯಿಸಿ, ಕಿವುಚಿ ಸೋಸಿಕೊಳ್ಳಿ. ಕಾಲು ಕೆ.ಜಿ. ಲಿವರ್‌ನಲ್ಲಿ ಹಸಿರು ಕಲೆ ಇದ್ದರೆ ಕತ್ತರಿಸಿ ತೆಗೆಯಿರಿ. ಅದು ಪಿತ್ತ, ಬಾಯಿ ಕಹಿಯಾಗುತ್ತದೆ. ಬಟ್ಟೆಯಲ್ಲಿ ಒತ್ತಿ ನೀರು ಆರಿಸಿ. ತೇವ ಉಳಿದರೆ ಲಿವರ್ ಹುರಿಯುವುದಿಲ್ಲ, ಬೇಯುತ್ತದೆ. ದಪ್ಪ ತಳದ ಸ್ಟೀಲ್ ಬಾಣಲೆಯಲ್ಲಿ ಒಂದು ಚಮಚ ತುಪ್ಪ ಕಾಯಿಸಿ, ಲಿವರ್ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, ಪ್ರತಿ ಬದಿಗೆ ಎರಡು–ಮೂರು ನಿಮಿಷ ಅಲುಗಾಡಿಸದೆ ಬಿಡಿ. ಒಳಗೆ ಕೆಂಪು ಉಳಿಯಬಾರದು. ಹಸಿ ಕೋಳಿ ಲಿವರ್‌ನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಲಿವರ್ ಎತ್ತಿಟ್ಟ ಮೇಲೆ ಬಾಣಲೆ ತೊಳೆಯಬೇಡಿ! ತಳಕ್ಕೆ ಕಚ್ಚಿದ ಕಂದು ಪದರವೇ ಸಾಸ್‌ನ ಜೀವ. ಅದರಲ್ಲೇ ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಚಮಚ ಸಕ್ಕರೆ ಬಾಡಿಸಿ. ಸ್ಟವ್ ಆರಿಸಿ 100 ಮಿ.ಲೀ. ಕೆಂಪು ವೈನ್ ಸುರಿದು, ಮತ್ತೆ ಹಚ್ಚಿ, ತಳ ಕೆರೆಯುತ್ತ ಎರಡು ಚಮಚ ಉಳಿಯುವವರೆಗೆ ಕುದಿಸಿ. ಆಮೇಲೆ ದ್ರಾಕ್ಷಿ ರಸ ಹಾಕಿ ಚಮಚಕ್ಕೆ ಅಂಟುವಷ್ಟು ಇಂಗಿಸಿ. ಇಳಿಸಿದ ಮೇಲೆ ತಣ್ಣನೆಯ ಬೆಣ್ಣೆ ಒಂದು ಚಮಚ, ಉಪ್ಪು, ಕರಿಮೆಣಸು.

ಒಂದು ಎಚ್ಚರ. ಕುದಿಸಿದರೆ ವೈನ್‌ನ ಆಲ್ಕೋಹಾಲ್ ಪೂರ್ತಿ ಹೋಗುತ್ತದೆ ಎಂಬುದು ನಿಜವಲ್ಲ, ಸ್ವಲ್ಪ ಉಳಿಯುತ್ತದೆ. ತಿನ್ನುವವರಿಗೆ ಮೊದಲೇ ಹೇಳಬೇಕು. ವೈನ್ ಬೇಡದವರು, ಕೊಳ್ಳುವ ವಯಸ್ಸಾಗದವರು ಇನ್ನಷ್ಟು ದ್ರಾಕ್ಷಿ ರಸ, ಅರ್ಧ ಚಮಚ ವಿನೆಗರ್ ಹಾಕಿದರೆ ಸಾಕು. ಮನೆಯಲ್ಲಿ ನಾನು ಮಾಡುವುದು ಹಾಗೆಯೇ.

ಕೆಲಸಕ್ಕೆ ಬಂದದ್ದು

ಇತ್ತೀಚೆಗೆ ಹೋಟೆಲೊಂದರ ಟ್ರೇಡ್ ಟೆಸ್ಟ್‌ಗೆ ಹೋಗಿದ್ದೆ. ಅಲ್ಲಿದ್ದ ಸಾಮಾನಿನಲ್ಲೇ ಒಂದು ತಟ್ಟೆ ಸಿದ್ಧಪಡಿಸಬೇಕಿತ್ತು. ನಾನು ಇದನ್ನೇ ಮಾಡಿದೆ. ಚೆಫ್ ರುಚಿ ನೋಡಿ, ‘ಇದೇ ಜಾಗದಲ್ಲಿ ಫ್ವಾ ಗ್ರಾ ಕೊಟ್ಟಿದ್ರೆ ಏನು ಬದಲಾಯಿಸ್ತಿದ್ದೆ?’ ಎಂದರು. ‘ತುಪ್ಪ ಬಿಡ್ತಿದ್ದೆ ಚೆಫ್, ಟೈಮ್ ಕಮ್ಮಿ ಮಾಡ್ತಿದ್ದೆ, ಸಾಸ್‌ಗೆ ಹುಳಿ ಜಾಸ್ತಿ ಮಾಡ್ತಿದ್ದೆ’ ಅಂದೆ. ‘ಅದನ್ನ ಮಾಡು ಅಂದ್ರೆ ಮಾಡ್ತೀಯಾ?’ ಎಂಬುದು ಮುಂದಿನ ಪ್ರಶ್ನೆ. ‘ಇಲ್ಲಿ ತರಿಸೋ ಹಾಗಿಲ್ಲ ಚೆಫ್. ಬೇರೆ ದೇಶದಲ್ಲಾದ್ರೆ ಮೆನುವಿನಲ್ಲಿ ಬೇರೆ ಸೆಕ್ಷನ್ ಕೇಳ್ತೀನಿ’ ಅಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ, ಏನೋ ಬರೆದುಕೊಂಡರು. ವಾರದ ನಂತರ ಕಮಿ–3 ಕೆಲಸದ ಪತ್ರ ಬಂತು. ಅಡುಗೆಮನೆಯ ಏಣಿಯಲ್ಲಿ ಅದು ತೀರಾ ಕೆಳಗಿನ ಮೆಟ್ಟಿಲು. ಈರುಳ್ಳಿ ಸುಲಿಯುವುದು, ಮಾಂಸ ತೊಳೆಯುವುದು, ಹತ್ತು–ಹನ್ನೆರಡು ಗಂಟೆ ನಿಲ್ಲುವುದು. ಆದರೂ ನೆಂಟರಿಗೆ ಕೊಡಲು ಅಪ್ಪನಿಗೆ ಈಗ ಒಂದು ಉತ್ತರ ಸಿಕ್ಕಿದೆ.

ಹಡಗಿನ ಅಡುಗೆಮನೆಗೋ ದುಬೈಗೋ ಹೊರಟಿರುವ ಗೆಳೆಯರಿಗೆ ಈ ಪ್ರಶ್ನೆ ನಾಳೆ ನಿಜವಾಗಿಯೇ ಎದುರಾಗಬಹುದು. ಮನೆ ಸಾಲವೋ ಓದಿನ ಸಾಲವೋ ಬೆನ್ನ ಮೇಲಿರುವವರು ಸುಲಭವಾಗಿ ‘ಒಲ್ಲೆ’ ಎನ್ನಲಾರರು. ಅವರನ್ನು ತಪ್ಪೆನ್ನಲು ನನಗೆ ಬಾಯಿ ಬರದು. ಒಲ್ಲೆ ಎನ್ನುವುದಾದರೂ ವಿಷಯ ತಿಳಿದು ಒಲ್ಲೆ ಎನ್ನಬೇಕು. ತಿಳಿದವಳ ನಿರಾಕರಣೆಗೆ ಬೆಲೆಯಿದೆ, ತಿಳಿಯದವಳದ್ದು ನೆಪವಾಗುತ್ತದೆ.

ದುಬಾರಿ ಸಾಮಾನು ಇಲ್ಲ, ಒಳ್ಳೆಯ ಲ್ಯಾಬ್ ಇಲ್ಲ, ಅದಕ್ಕೇ ಕಲಿಯಲಾಗಲಿಲ್ಲ ಎಂಬ ಮಾತು ನಮ್ಮ ಕ್ಲಾಸುಗಳಲ್ಲಿ ದಿನವೂ ಕೇಳುತ್ತದೆ, ಅಡುಗೆ ಓದುವವರಲ್ಲಿ ಮಾತ್ರವಲ್ಲ. ಬಿಸಿ ಬಾಣಲೆಗೆ ಅದರಲ್ಲಿ ಬಿದ್ದ ಲಿವರ್‌ನ ದರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕೈಯ ಹದ ಮಾತ್ರ. ಬಿ.ಟಿ.ಎಂ. ಲೇಔಟ್‌ನ ಪಿ.ಜಿ.ಯಲ್ಲಿ ಒಂದು ಇಂಡಕ್ಷನ್ ಸ್ಟವ್ ಇದ್ದರೂ ಆ ಹದ ಕಲಿಯಬಹುದು.