ಎಲುಬಿನೊಳಗಿನ ಮೂರೆಳೆ ಹಗ್ಗ



ಮಗು ಬಿದ್ದಿಲ್ಲ, ಯಾರೂ ಹೊಡೆದಿಲ್ಲ, ಆದರೂ ತೊಡೆಯ ಎಲುಬು ಮುರಿದಿದೆ. ಇಂಥದು ಎರಡು ಮೂರು ಸಲ ಆಯಿತೆಂದರೆ ಮನೆಯವರು ಮೊದಲು ದೂರುವುದು ತಾಯಿಯನ್ನು. ಬಸುರಿದ್ದಾಗ ಪಥ್ಯ ತಪ್ಪಿದಳು, ಕೂಸನ್ನು ನೆಟ್ಟಗೆ ಎತ್ತಲಿಲ್ಲ ಎನ್ನುತ್ತಾರೆ. ಆದರೆ ದೋಷ ಇರುವುದು ಬೇರೆ ಕಡೆ.

ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಿಮಗೆ ಹಗ್ಗ ಹೊಸೆಯುವುದನ್ನು ಹೇಳಿಕೊಡಬೇಕಾಗಿಲ್ಲ. ಮೂರು ಎಳೆಗಳಲ್ಲಿ ಒಂದು ಕೆಟ್ಟರೆ ಹಗ್ಗ ಅಲ್ಲೇ ಹರಿಯುತ್ತದೆ. ಎಲುಬಿನಲ್ಲಿಯೂ ಕೊಲ್ಯಾಜೆನ್ ಎಂಬ ಪ್ರೋಟೀನಿನ ಮೂರೆಳೆ ಹಗ್ಗವಿದೆ. ಇದನ್ನು 1950ರ ದಶಕದಲ್ಲಿ ಮದ್ರಾಸಿನಲ್ಲಿ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು.

ಪ್ರತಿ ಎಳೆಯೂ ಮಣಿಸರದಂತೆ. ಪ್ರತಿ ಮೂರನೆಯ ಮಣಿ ಗ್ಲೈಸಿನ್ ಆಗಿರಬೇಕು. ಎಲ್ಲಕ್ಕಿಂತ ಚಿಕ್ಕದಾದ ಈ ಮಣಿ ಮಾತ್ರ ಹಗ್ಗದ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುತ್ತದೆ. ಅಲ್ಲಿ ದೊಡ್ಡ ಮಣಿ ಬಂದರೆ ಎಳೆಗಳು ಸರಿಯಾಗಿ ಹೊಸೆದುಕೊಳ್ಳುವುದಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ತಂದೆ-ತಾಯಿಯಿಂದ ಬಂದ ಜೋಡಿ ವಂಶವಾಹಿಗಳಲ್ಲಿ ಒಂದು ಎಳೆಯನ್ನೇ ತಯಾರಿಸದಿದ್ದರೆ ಹಗ್ಗ ಅರ್ಧದಷ್ಟಾಗುತ್ತದೆ. ಆದರೆ ಇದ್ದದ್ದು ಗಟ್ಟಿ, ರೋಗವೂ ಸೌಮ್ಯ. ಅದೇ ವಂಶವಾಹಿ ಕೆಟ್ಟ ಎಳೆ ತಯಾರಿಸಿದರೆ? ಹಗ್ಗವೊಂದಕ್ಕೆ ಆ ಜಾತಿಯ ಎಳೆ ಎರಡು ಬೇಕಾದರೆ, ನಾಲ್ಕರಲ್ಲಿ ಮೂರು ಹಗ್ಗ ಕೆಡುತ್ತವೆ. ಬೀಜ ಕಡಿಮೆ ಬಿದ್ದ ಹೊಲಕ್ಕಿಂತ ಕಳಪೆ ಬೀಜ ಬೆರೆತ ಹೊಲದಲ್ಲಿ ನಷ್ಟ ಹೆಚ್ಚಲ್ಲವೇ, ಹಾಗೆ.

ಈ ರೋಗಕ್ಕೆ ವೈದ್ಯರು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎನ್ನುತ್ತಾರೆ. ಹಲವರಲ್ಲಿ ಕಣ್ಣಿನ ಬಿಳಿಭಾಗ ನೀಲಿಯಾಗಿ ಕಾಣುತ್ತದೆ. ಬರೀ ಹಾಲು, ಕ್ಯಾಲ್ಸಿಯಂ ಗುಳಿಗೆಯಿಂದ ಇದು ಹೋಗದು. ಎಷ್ಟೋ ಸಲ ತಂದೆ-ತಾಯಿ ಇಬ್ಬರೂ ಆರೋಗ್ಯವಂತರೇ, ದೋಷ ಮಗುವಿನಲ್ಲಿ ಹೊಸದಾಗಿ ಹುಟ್ಟಿರುತ್ತದೆ. ತಂದೆಗೋ ತಾಯಿಗೋ ರೋಗವಿದ್ದರೆ, ಸಾಮಾನ್ಯವಾಗಿ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಕೆಲವು ಅಪರೂಪದ ಬಗೆಗಳು ಮಾತ್ರ ಹತ್ತಿರದ ಸಂಬಂಧದಲ್ಲಿ ಲಗ್ನವಾದವರ ಮಕ್ಕಳಲ್ಲಿ ಹೆಚ್ಚು.

ಇಂಥ ಕೂಸಿಗೆ ಎರೆಯುವಾಗ ಕೈಕಾಲು ಎಳೆದು ತೀಡಬೇಡಿರಿ, ಕಾಲು ಹಿಡಿದು ಎತ್ತಲೇಬೇಡಿರಿ. ಅಜ್ಜಿಯಂದಿರು ಬೇಸರ ಮಾಡಿಕೊಳ್ಳಬಾರದು! ಒಂದು ಕೈ ತಲೆ-ಬೆನ್ನಿನ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ ಕೊಟ್ಟು ಎತ್ತಿರಿ. ಲಾತೂರು, ಸೊಲ್ಲಾಪುರ ಇಲ್ಲವೆ ಬೀದರಿನ ದೊಡ್ಡ ಆಸ್ಪತ್ರೆಗೆ ಹಳೆಯ ಎಕ್ಸರೇಗಳನ್ನೆಲ್ಲ ತೆಗೆದುಕೊಂಡು ಹೋಗಿರಿ. ದೋಷವನ್ನೇ ತೆಗೆಯುವ ಮದ್ದಿಲ್ಲ. ಆದರೆ ಎಲುಬನ್ನು ಗಟ್ಟಿ ಮಾಡುವ ಬಿಸ್‌ಫಾಸ್ಫೊನೇಟ್ ಔಷಧ, ಎಲುಬಿನೊಳಗೆ ಕೂರಿಸುವ ಸಲಾಕೆ, ವ್ಯಾಯಾಮ ಇವುಗಳಿಂದ ಎಷ್ಟೋ ಮಕ್ಕಳು ಎದ್ದು ನಡೆಯುತ್ತಾರೆ. ಈ ರೋಗ ಬುದ್ಧಿಗೆ ತಟ್ಟುವುದಿಲ್ಲ. ಶಾಲೆ ಬಿಡಿಸಬೇಡಿರಿ.